ಹನ್ನೆರಡು ತಂತಿಗೆ ಬ್ಯಾಂಜೊ ಬೆರಳು: ರೋಜರ್ ಮೆಗ್ವಿನ್ ಕೈ ಪಳಗಿದ ಬಗೆ

ರಿಕನ್‌ಬ್ಯಾಕರ್ ಕಂಪನಿಯ ಹನ್ನೆರಡು ತಂತಿಯ ಗಿಟಾರ್ ಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. ಗಿಟಾರ್ ಅದೇ, ಪಿಕಪ್ ಅದೇ, ಆದರೂ ಅರವತ್ತರ ದಶಕದ ಅಮೆರಿಕದ ರಾಕ್ ತಂಡ ಬರ್ಡ್ಸ್‌ನ ಹಾಡುಗಳಲ್ಲಿ ಕೇಳುವ ಆ ಗೆಜ್ಜೆಯಂಥ ನಾದ ಯಾಕೆ ಬರುತ್ತಿಲ್ಲ? ಅಂಗಡಿಯವನೇನೂ ಮೋಸ ಮಾಡಿಲ್ಲ. ಆ ನಾದದಲ್ಲಿ ಗಿಟಾರಿನ ಪಾಲು ಮೂರರಲ್ಲಿ ಒಂದು ಅಂದರೂ ಹೆಚ್ಚೇ. ಇನ್ನೊಂದು ಪಾಲು ಸ್ಟುಡಿಯೊದಲ್ಲಿದ್ದ, ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಪೆಟ್ಟಿಗೆಗಳದ್ದು. ಉಳಿದದ್ದು ಒಂದು ಬಲಗೈಯದ್ದು. ಆ ಬಲಗೈ ಏಳೆಂಟು ವರ್ಷ ಬ್ಯಾಂಜೊ ಮೀಟಿ, ಬೇರೆಯವರ ಹಾಡಿಗೆ ಪಕ್ಕವಾದ್ಯ ನುಡಿಸಿ ಪಳಗಿತ್ತು.

ಆ ಕೈಯ ಒಡೆಯ ಬರ್ಡ್ಸ್‌ನ ಗಿಟಾರ್‌ಗಾರ ಜೇಮ್ಸ್ ಜೋಸೆಫ್ ಮೆಗ್ವಿನ್. ಹುಟ್ಟಿದ್ದು 1942ರ ಜುಲೈ 13, ಶಿಕಾಗೋ. ರೋಜರ್ ಎಂದು ಹೆಸರು ಬದಲಾಗಿದ್ದು 1967ರಲ್ಲಿ. ನಾವು ಮಾತಾಡುತ್ತಿರುವ ಕಾಲಕ್ಕೆ ಅವನು ಎಲ್ಲರ ಬಾಯಲ್ಲೂ ಜಿಮ್. 1956ರಲ್ಲಿ ಎಲ್ವಿಸ್‌ನ ‘ಹಾರ್ಟ್‌ಬ್ರೇಕ್ ಹೋಟೆಲ್’ ಟ್ರಾನ್ಸಿಸ್ಟರ್ ರೇಡಿಯೊದಲ್ಲಿ ಕೇಳಿ ಮನೆಯಲ್ಲಿ ಗಿಟಾರ್ ಬೇಕೆಂದು ಕೂತ. ಆ ವರ್ಷ ಅಮೆರಿಕದಲ್ಲಿ ಹಾಗೆ ಹಟ ಹಿಡಿದ ಹುಡುಗರಿಗೆ ಲೆಕ್ಕವಿಲ್ಲ. ಇವನ ದಾರಿ ಬೇರೆಯಾಗಿದ್ದು ಬಾಬ್ ಗಿಬ್ಸನ್ ಎಂಬ ಜಾನಪದ ಗಾಯಕ ಇವನ ಶಾಲೆಗೆ ಬಂದು ಹಾಡಿದಾಗ. ಗಿಬ್ಸನ್ ಕೈಯಲ್ಲಿದ್ದದ್ದು ಐದು ತಂತಿಯ ಬ್ಯಾಂಜೊ. ಹುಡುಗ ಹೋಗಿ ಸಂಗೀತದ ಮೇಷ್ಟ್ರನ್ನು ಇದೇನು ಎಂದು ವಿಚಾರಿಸಿದ, ಅವರು ಊರಲ್ಲಿ ಹೊಸದಾಗಿ ಶುರುವಾಗಿದ್ದ ಶಾಲೆಯೊಂದರ ದಾರಿ ತೋರಿಸಿದರು.

ಅದು ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್, ಬಾಗಿಲು ತೆರೆದದ್ದು 1957ರ ಡಿಸೆಂಬರ್‌ನಲ್ಲಿ. ಕಲಿಸುತ್ತಿದ್ದವನು ಫ್ರಾಂಕ್ ಹ್ಯಾಮಿಲ್ಟನ್. ಅಲ್ಲಿನ ಪಾಠದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಾಠಕ್ಕೆ ಎರಡು ಭಾಗ. ಮೊದಲ ಭಾಗದಲ್ಲಿ ಹೊಸಬರು, ನುರಿತವರು, ಬ್ಯಾಂಜೊದವರು ಬೇರೆಬೇರೆ ಕೋಣೆಗಳಲ್ಲಿ. ಎರಡನೆಯ ಭಾಗದಲ್ಲಿ ಎಲ್ಲರೂ ಒಂದೇ ಕಡೆ ಸೇರಿ ಒಂದೇ ಹಾಡು ನುಡಿಸಬೇಕು. ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಮಾತ್ರ ಬರುವವನು ಆ ಎರಡನ್ನೇ ಹಿಡಿಯುತ್ತಾನೆ, ಹೆಚ್ಚು ಬರುವವನು ಅದರ ಮೇಲೆ ಸಂದು ನೋಡಿ ಸಣ್ಣ ಸ್ವರಗಳನ್ನು ಪೋಣಿಸುತ್ತಾನೆ. ನೊಟೇಶನ್‌ಗಿಂತ ಕಿವಿಗೆ ಹೆಚ್ಚು ಕೆಲಸ. ಮನೆಯಲ್ಲಿ ಒಬ್ಬನೇ ಕೂತು ಕಲಿತ ಗಿಟಾರ್‌ಗಾರ ಎಲ್ಲ ಜಾಗವನ್ನೂ ತಾನೇ ತುಂಬುತ್ತಾನೆ. ಈ ಶಾಲೆಯಲ್ಲಿ ಕಲಿತವನಿಗೆ ಎಲ್ಲಿ ನುಡಿಸಬಾರದು ಎಂಬುದು ಮೊದಲು ಗೊತ್ತಾಗುತ್ತದೆ. ಮೆಗ್ವಿನ್ ಮುಂದೆ ನುಡಿಸಿದ್ದರಲ್ಲೆಲ್ಲ ಈ ಗುಣ ಕೇಳುತ್ತದೆ.

ಈಗ ಬ್ಯಾಂಜೊ ಕೈಗೆ ಬರೋಣ, ಗುಟ್ಟು ಇರುವುದೇ ಅಲ್ಲಿ.

ಐದು ತಂತಿಯ ಬ್ಯಾಂಜೊದ ಐದನೆಯ ತಂತಿ ಗಿಡ್ಡದು. ಅದರ ಬಿರಡೆ ತಲೆಯಲ್ಲಿರದೆ ಐದನೆಯ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡ ಮೆಟ್ಟಿಲು) ಹತ್ತಿರ, ಕತ್ತಿನ ಪಕ್ಕಕ್ಕೆ ಇರುತ್ತದೆ. ಸಾಮಾನ್ಯವಾದ ಜಿ ಶ್ರುತಿಯಲ್ಲಿ ಅದು ಮೇಲಿನ ಜಿ. ಎಡಗೈ ಅದನ್ನು ಒತ್ತುವುದು ಅಪರೂಪ, ಬಲಗೈ ಹೆಬ್ಬೆರಳು ಮಾತ್ರ ಆಗಾಗ ತಟ್ಟುತ್ತಲೇ ಇರುತ್ತದೆ. ವೀಣೆಯ ಪಕ್ಕದ ತಾಳದ ತಂತಿಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ರಾಗ ಎಲ್ಲಿಗೇ ಹೋಗಲಿ, ಒಂದು ಸ್ವರ ಮಾತ್ರ ಬಿಡದೆ ಮಿನುಗುತ್ತಿರಬೇಕು. ಮೂರು ಬೆರಳಿನ ಬ್ಯಾಂಜೊ ಶೈಲಿಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಪಿಕ್ (ತಂತಿ ಮೀಟುವ ಉಗುರು) ಹಾಕಿಕೊಂಡು ಸರದಿಯ ಮೇಲೆ ಮೀಟುತ್ತಾರೆ. ಇದಕ್ಕೆ ರೋಲ್ ಎನ್ನುತ್ತಾರೆ. ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ ಎಂಟು ಸ್ವರ, ಆದರೆ ಬೆರಳು ಮೂರು. ಹಾಗಾಗಿ ಎಂಟನ್ನು ಮೂರು, ಮೂರು, ಎರಡು ಎಂದು ಒಡೆಯಬೇಕಾಗುತ್ತದೆ. ರೋಲ್‌ಗೆ ಆ ಓಟ ಬರುವುದು ಈ ಅಸಮ ಒಡೆತದಿಂದ.

ಮೆಗ್ವಿನ್ ಇದನ್ನು ಹನ್ನೆರಡು ತಂತಿಗೆ ತಂದದ್ದು ಹೀಗೆ. ಹೆಬ್ಬೆರಳು, ತೋರುಬೆರಳುಗಳ ನಡುವೆ ಮಾಮೂಲಿ ಚಪ್ಪಟೆ ಪಿಕ್. ನಡುಬೆರಳು, ಉಂಗುರಬೆರಳುಗಳಿಗೆ ಲೋಹದ ಫಿಂಗರ್‌ಪಿಕ್. ಬ್ಯಾಂಜೊದಲ್ಲಿ ಹೆಬ್ಬೆರಳು ಮಾಡುತ್ತಿದ್ದ ಕೆಲಸ ಪಿಕ್ಕಿಗೆ ಬಂತು, ಉಳಿದೆರಡು ಬೆರಳಿನ ಕೆಲಸ ಒಂದೊಂದು ಬೆರಳು ಪಕ್ಕಕ್ಕೆ ಸರಿಯಿತು. ಲಾಭ ಏನೆಂದರೆ ಕಾರ್ಡನ್ನು ಗೀರಬೇಕಾದಾಗ ಪಿಕ್ ಕೈಯಲ್ಲೇ ಇದೆ, ರೋಲ್ ಬೇಕಾದಾಗ ಬೆರಳೂ ಸಿದ್ಧ. ಹಾಡಿನ ನಡುವೆ ಏನನ್ನೂ ತೆಗೆದು ಹಾಕುವ ಗೊಡವೆ ಇಲ್ಲ.

ಅಭ್ಯಾಸ ಮಾಡುವವರು ಡಿ ಕಾರ್ಡ್ ಹಿಡಿದು ಶುರು ಮಾಡಬಹುದು. ಹನ್ನೆರಡು ತಂತಿ ಆರು ಜೋಡಿಯಾಗಿರುತ್ತದೆ, ಎಣಿಕೆ ತೆಳ್ಳನೆಯ ಕಡೆಯಿಂದ. ಮೂರನೆಯ ಜೋಡಿಗೆ ಪಿಕ್, ಎರಡನೆಯದಕ್ಕೆ ನಡುಬೆರಳು, ಒಂದನೆಯದಕ್ಕೆ ಉಂಗುರಬೆರಳು. ಅದನ್ನೇ ಮತ್ತೊಮ್ಮೆ. ಕೊನೆಗೆ ಪಿಕ್, ಉಂಗುರಬೆರಳು. ಎಂಟಾಯಿತು. ಮೆಟ್ರೊನೋಮ್ (ಎಣಿಕೆ ತಟ್ಟುವ ಯಂತ್ರ) ನಿಮಿಷಕ್ಕೆ 60ಕ್ಕಿಟ್ಟು ಒಂದು ಎಣಿಕೆಗೆ ಎರಡು ಸ್ವರದಂತೆ ಹೋಗಿ, ಎಂಟೂ ಒಂದೇ ತೂಕದಲ್ಲಿ ಕೇಳುವವರೆಗೆ ವೇಗ ಏರಿಸಬೇಡಿ. ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಉಂಗುರಬೆರಳಿಗೆ ಬಲ ಕಡಿಮೆ, ಆದ್ದರಿಂದ ಮೂರನೆಯ ಸ್ವರ ಪ್ರತಿ ಸಲವೂ ಕುಗ್ಗುತ್ತದೆ, ರೋಲ್ ಕುಂಟುತ್ತದೆ. ಇನ್ನೊಂದು, ಫಿಂಗರ್‌ಪಿಕ್ ಜೋಡಿ ತಂತಿಯ ಸಂದಿಗೆ ಸಿಕ್ಕಿಕೊಳ್ಳುವುದು. ಪಿಕ್ಕಿನ ಅಲಗು ಬೆರಳ ತುದಿಯಿಂದ ಹೆಚ್ಚು ಹೊರಗೆ ಚಾಚಿದ್ದರೆ ಇದು ಆಗೇ ಆಗುತ್ತದೆ. ಅಲಗನ್ನು ಬೆರಳಿನ ಉಬ್ಬಿಗೆ ತಕ್ಕಂತೆ ಒಳಕ್ಕೆ ಬಾಗಿಸಿಕೊಳ್ಳಿ. ಎರಡೂ ತಂತಿಗೆ ಪೆಟ್ಟು ಬೀಳಬೇಕು, ಒಂದಕ್ಕೇ ಬಿದ್ದರೆ ಆರು ತಂತಿಯ ಗಿಟಾರ್ ಸಾಕಿತ್ತಲ್ಲ.

ಇಷ್ಟು ಕೈಯಲ್ಲಿಟ್ಟುಕೊಂಡು ಅವನು ಸಂಪಾದನೆಗೆ ಇಳಿದದ್ದು ಶಾಲೆ ಮುಗಿಯುವ ಹೊತ್ತಿಗೇ. 1960ರಲ್ಲಿ ಲೈಮ್‌ಲೈಟರ್ಸ್ ಎಂಬ ಜಾನಪದ ಗುಂಪು ಪಕ್ಕವಾದ್ಯಕ್ಕೆ ಕರೆದುಕೊಂಡಿತು, ಲಾಸ್ ಏಂಜಲೀಸ್‌ಗೆ ಹೋದ. ಆಮೇಲೆ ಚಾಡ್ ಮಿಚೆಲ್ ಟ್ರಯೊ, ಸುಮಾರು ಎರಡು ವರ್ಷ. ಈ ಟ್ರಯೊದ ಮೂವರೂ ಹಾಡುವವರು, ವಾದ್ಯ ಮುಟ್ಟುತ್ತಿರಲಿಲ್ಲ. ಅಂದರೆ ಶ್ರುತಿ, ಆರಂಭದ ನಾಲ್ಕು ಆವರ್ತ, ಚರಣಗಳ ನಡುವಿನ ತುಂಬುವಿಕೆ, ಮುಕ್ತಾಯ ಎಲ್ಲದರ ಭಾರ ಹಿಂದೆ ನಿಂತವರ ಮೇಲೆ. ಚಪ್ಪಾಳೆ ಮುಂದೆ ನಿಂತವರಿಗೆ. ಇಪ್ಪತ್ತು ವರ್ಷದ ಹುಡುಗನಿಗೆ ಇದು ಬೇಸರ ತರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೂರು ದನಿಯ ಹಾಡುಗಾರಿಕೆಯ ಕೆಳಗೆ ತಂತಿವಾದ್ಯ ಎಲ್ಲಿ ಕೂರಬೇಕು ಎಂಬುದನ್ನು ಸಂಬಳ ತಗೊಂಡು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಬರ್ಡ್ಸ್ ತಂಡವೂ ಮೂರು ದನಿಯದೇ ಆಯಿತು ನೋಡಿ.

1962ರಲ್ಲಿ ಬಾಬಿ ಡಾರಿನ್ ಇವನನ್ನು ಎತ್ತಿಕೊಂಡ. ಡಾರಿನ್ ದೊಡ್ಡ ಪಾಪ್ ತಾರೆ, ತನ್ನ ರಂಗ ಕಾರ್ಯಕ್ರಮದಲ್ಲಿ ಜಾನಪದ ಹಾಡಿಗೆಂದೇ ಒಂದು ತುಣುಕು ಸೇರಿಸಿದ್ದ, ಅದಕ್ಕೆ ಹನ್ನೆರಡು ತಂತಿ ಮತ್ತು ಜೊತೆದನಿ ಬೇಕಿತ್ತು. ಆಮೇಲೆ ಡಾರಿನ್ ವೇದಿಕೆ ಬಿಟ್ಟು ನ್ಯೂಯಾರ್ಕ್‌ನ ಬ್ರಿಲ್ ಬಿಲ್ಡಿಂಗ್‌ನಲ್ಲಿ ಟಿ.ಎಂ. ಮ್ಯೂಸಿಕ್ ಎಂಬ ಪ್ರಕಾಶನ ನಡೆಸತೊಡಗಿದ, ಮೆಗ್ವಿನ್‌ನನ್ನು ವಾರಕ್ಕೆ 35 ಡಾಲರಿಗೆ ಹಾಡು ಬರೆಯಲು ಕೂರಿಸಿದ. ಕೆಲಸವೇನು? ರೇಡಿಯೊ ಕೇಳುವುದು, ಏನು ಓಡುತ್ತಿದೆ ನೋಡುವುದು, ಅದೇ ಅಳತೆಗೆ ಇನ್ನೊಂದು ಹೊಲಿಯುವುದು. ಫ್ರಾಂಕ್ ಗ್ಯಾರಿ ಜೊತೆ ಬರೆದ ‘ಬೀಚ್ ಬಾಲ್’ 1963ರಲ್ಲಿ ಸಿಟಿ ಸರ್ಫರ್ಸ್ ಎಂಬ ಹೆಸರಿನಲ್ಲಿ ಬಂತು. ಕೇಳಿ ಮರೆಯಬಹುದಾದ ಹಾಡು. ಆದರೆ ಎರಡೂವರೆ ನಿಮಿಷದೊಳಗೆ ಹಾಡು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ದರ್ಜಿ ಲೆಕ್ಕ ಅವನಿಗೆ ಹತ್ತಿದ್ದು ಅಲ್ಲೇ.

ಅದೇ ವರ್ಷ ಜಾನಪದ ಗಾಯಕಿ ಜೂಡಿ ಕಾಲಿನ್ಸ್‌ಳ ಮೂರನೆಯ ಆಲ್ಬಮ್‌ಗೆ ಗಿಟಾರ್, ಬ್ಯಾಂಜೊ ನುಡಿಸಿ ಹಾಡುಗಳ ವಾದ್ಯಸಂಯೋಜನೆಯನ್ನೂ ಮಾಡಿದ. ಅದರಲ್ಲಿ ‘ಟರ್ನ್! ಟರ್ನ್! ಟರ್ನ್!’ ಇದೆ, ‘ದ ಬೆಲ್ಸ್ ಆಫ್ ರಿಮ್ನಿ’ ಇದೆ. ಎರಡು ವರ್ಷದ ನಂತರ ಎರಡನ್ನೂ ಬರ್ಡ್ಸ್ ಹಾಡಿತು. ಬರ್ಡ್ಸ್ ಆಕಾಶದಿಂದ ಉದುರಿತು ಎನ್ನುವವರು ಮೊದಲು ಈ ಆಲ್ಬಮ್ ಕೇಳಬೇಕು. ಡ್ರಮ್ ಇಲ್ಲ, ವಿದ್ಯುತ್ ಇಲ್ಲ, ಅಷ್ಟೇ ವ್ಯತ್ಯಾಸ.

1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಾಗ ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನ ಜಾನಪದದವರಲ್ಲಿ ಹೆಚ್ಚಿನವರು ಮೂಗು ಮುರಿದರು. ಮೆಗ್ವಿನ್ ಕಿವಿಗೆ ಬೇರೆ ಕೇಳಿಸಿತು. ಬೀಟಲ್ಸ್ ಬೆಳೆದದ್ದು ಬ್ರಿಟನ್ನಿನ ಸ್ಕಿಫಲ್ ಎಂಬ ಸರಳ ಶೈಲಿ ನುಡಿಸಿ, ಸ್ಕಿಫಲ್‌ನ ಬೇರು ಅಮೆರಿಕದ ಜಾನಪದದಲ್ಲೇ ಇತ್ತು. ಆ ಕಾರ್ಡ್ ನಡೆಗಳು ಇವನಿಗೆ ಪರಿಚಿತವಾದವೇ, ತಾಳ ಮಾತ್ರ ಬೇರೆ. ಇವನು ಅದನ್ನು ಹಿಂದುಮುಂದು ಮಾಡಿದ. ಹಳೆಯ ಜಾನಪದ ಹಾಡಿಗೆ ಬೀಟಲ್ಸ್ ತಾಳ ಹಾಕಿ ಲಾಸ್ ಏಂಜಲೀಸ್‌ನ ಟ್ರೂಬಡೂರ್ ಕ್ಲಬ್ಬಿನಲ್ಲಿ ಒಬ್ಬನೇ ಹಾಡಿದ. ಸಭೆ ಒಪ್ಪಲಿಲ್ಲ. ಕಾರಣ ಸರಳ: ಅಕೂಸ್ಟಿಕ್ ಗಿಟಾರ್ ಒಂದರಲ್ಲಿ ತಾಳದ ಭಾರವನ್ನೂ ರೋಲ್‌ನ ಮಿನುಗನ್ನೂ ಒಟ್ಟಿಗೆ ತರಲಾಗದು, ಕೇಳುವವರಿಗೆ ಅದು ಎರಡೂ ಅಲ್ಲದ ಎಡಬಿಡಂಗಿ. ಒಪ್ಪಿದವನು ಜೀನ್ ಕ್ಲಾರ್ಕ್. ಅವನೂ ನ್ಯೂ ಕ್ರಿಸ್ಟಿ ಮಿನ್‌ಸ್ಟ್ರೆಲ್ಸ್ ಎಂಬ ಜಾನಪದ ಗುಂಪಿನಿಂದ ಹೊರಬಂದಿದ್ದವನು. ಡೇವಿಡ್ ಕ್ರಾಸ್ಬಿ ಬಂದು ಮೇಲಿನ ದನಿ ಸೇರಿಸಿದ. ಡ್ರಮ್‌ಗೆ ಮೈಕಲ್ ಕ್ಲಾರ್ಕ್. ಡ್ರಮ್ ಸೆಟ್ ಇರಲಿಲ್ಲ, ರಟ್ಟಿನ ಪೆಟ್ಟಿಗೆ ಬಡಿಯುತ್ತಿದ್ದ. ಬೇಸ್‌ಗೆ ಬಂದ ಕ್ರಿಸ್ ಹಿಲ್‌ಮನ್ ಬ್ಲೂಗ್ರಾಸ್ ಮ್ಯಾಂಡೊಲಿನ್‌ನವನು, ಅದುವರೆಗೆ ಬೇಸ್ ನುಡಿಸಿದವನಲ್ಲ. ಹೀಗೆ ಐವರಲ್ಲಿ ಹೆಚ್ಚಿನವರು ರಾಕ್ ನುಡಿಸಿ ಬೆಳೆದವರಲ್ಲ!

ಮ್ಯಾನೇಜರ್ ಜಿಮ್ ಡಿಕ್ಸನ್‌ಗೆ ವರ್ಲ್ಡ್ ಪೆಸಿಫಿಕ್ ಸ್ಟುಡಿಯೊದ ಬಾಗಿಲು ತೆರೆದಿತ್ತು. ಪಂಡಿತ ರವಿಶಂಕರ್ ಅವರ ಆಲ್ಬಮ್‌ಗಳನ್ನು ಅಮೆರಿಕದಲ್ಲಿ ಹೊರತಂದ ಕಂಪನಿಯೇ ಅದು. ಕ್ರಾಸ್ಬಿ, ಮೆಗ್ವಿನ್ ಇಬ್ಬರಿಗೂ ಸಿತಾರಿನ ರುಚಿ ಹತ್ತಿದ್ದು ಈ ದಾರಿಯಲ್ಲಿ. ಡಿಕ್ಸನ್ ಮಾಡಿದ ಒಳ್ಳೆಯ ಕೆಲಸವೆಂದರೆ ತಾಲೀಮನ್ನು ಟೇಪಿಗೆ ಹಿಡಿದು ಅವರಿಗೇ ಕೇಳಿಸಿದ್ದು. ಆ ಟೇಪುಗಳು ಆಮೇಲೆ 1969ರಲ್ಲಿ ಹೊರಬಂದವು. ಬಾಬ್ ಡಿಲನ್‌ನ ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ ಅವುಗಳಲ್ಲಿ ಸಿಪಾಯಿ ಕವಾಯತಿನಂತೆ ಕೇಳುತ್ತದೆ, ಡ್ರಮ್ ಮೆರವಣಿಗೆಯ ಪೆಟ್ಟು ಹಾಕುತ್ತಿದೆ. ಮೂಲ ಹಾಡಿನ ನಡೆ ಎರಡೆರಡು ಎಣಿಕೆಯದು. ಡ್ರಮ್ ಆ ಎರಡಕ್ಕೂ ಒತ್ತು ಕೊಟ್ಟರೆ ಅದು ಕವಾಯತು ಆಗದೆ ಇನ್ನೇನಾದೀತು? ಮೆಗ್ವಿನ್ ಅದನ್ನು ನಾಲ್ಕು ಎಣಿಕೆಗೆ ಹಿಗ್ಗಿಸಿದ. ಈಗ ಎಂಟು ಸ್ವರದ ರೋಲ್ ಒಂದು ಆವರ್ತಕ್ಕೆ ಸರಿಯಾಗಿ ಕೂತಿತು.

ಗಿಟಾರಿನ ಕತೆ ಈ ನಡುವೆ. ಬೀಟಲ್ಸ್‌ನ ‘ಎ ಹಾರ್ಡ್ ಡೇಸ್ ನೈಟ್’ ಸಿನಿಮಾಕ್ಕೆ ಎಲ್ಲರೂ ಹೋದರು. ಜಾರ್ಜ್ ಹ್ಯಾರಿಸನ್ ಕೈಯಲ್ಲಿದ್ದ ಗಿಟಾರ್ ಎದುರಿನಿಂದ ಆರು ತಂತಿಯದರಂತೆ ಕಂಡಿತು. ಅವನು ಪಕ್ಕಕ್ಕೆ ತಿರುಗಿದಾಗ ತಲೆಯ ಹಿಂದೆ ಇನ್ನೂ ಆರು ಬಿರಡೆ ಕಂಡವು. ಮೆಗ್ವಿನ್ ತನ್ನ ಅಕೂಸ್ಟಿಕ್ ಹನ್ನೆರಡು ತಂತಿಯನ್ನೂ ಬ್ಯಾಂಜೊವನ್ನೂ ಬದಲಿಗೆ ಕೊಟ್ಟು ರಿಕನ್‌ಬ್ಯಾಕರ್ 360/12 ತಂದ.

ಹನ್ನೆರಡು ತಂತಿ ಎಂದರೆ ಆರು ಜೋಡಿ. ದಪ್ಪನೆಯ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಮಾಮೂಲಿ, ಇನ್ನೊಂದು ಅದಕ್ಕಿಂತ ಒಂದು ಸ್ಥಾಯಿ ಮೇಲೆ. ತೆಳ್ಳನೆಯ ಎರಡು ಜೋಡಿಗಳಲ್ಲಿ ಎರಡೂ ಒಂದೇ ಶ್ರುತಿ. ಬೇರೆ ಗಿಟಾರುಗಳಲ್ಲಿ ಪಿಕ್ ಕೆಳಕ್ಕೆ ಬೀಸಿದಾಗ ಮೊದಲು ತಾಗುವುದು ಮೇಲಿನ ಸ್ಥಾಯಿಯ ತೆಳು ತಂತಿ. ರಿಕನ್‌ಬ್ಯಾಕರ್‌ನಲ್ಲಿ ಈ ಕ್ರಮ ಉಲ್ಟಾ, ಮೊದಲು ದಪ್ಪ ತಂತಿ. ಪಿಕ್ಕಿನಿಂದ ಮೀಟಿದ ಸ್ವರಕ್ಕೆ ಹೊಟ್ಟೆ ಬರುತ್ತದೆ, ಮಿನುಗು ಅದರ ಬೆನ್ನಿಗೆ ಬರುತ್ತದೆ. ಬೆರಳುಗಳು ಮೀಟುವುದು ಹೆಚ್ಚಾಗಿ ಒಂದೇ ಶ್ರುತಿಯ ಮೇಲಿನ ಜೋಡಿಗಳನ್ನು, ಅಲ್ಲಿ ಕ್ರಮದ ಪ್ರಶ್ನೆಯೇ ಇಲ್ಲ. ಅವನ ಬಲಗೈಗೂ ಈ ಗಿಟಾರಿಗೂ ಇಷ್ಟು ಚೆನ್ನಾಗಿ ಹೊಂದಿದ್ದು ಇದರಿಂದ.

ತೊಂದರೆಗಳೂ ಇವೆ. ಹೆಚ್ಚು ಹರಿಯುವ ತಂತಿ ಮೂರನೆಯ ಜೋಡಿಯ ತೆಳುವಾದದ್ದು. ಅದರ ಜಿ ಸ್ವರ 392 ಹರ್ಟ್ಸ್, ಒಂದನೆಯ ತಂತಿಯ ಇ 330ರಷ್ಟೇ. ಅಂದರೆ ಇಡೀ ಗಿಟಾರಿನಲ್ಲಿ ಎಲ್ಲಕ್ಕಿಂತ ಮೇಲಿನ ಶ್ರುತಿ ಇದರದೇ. 0.008 ಅಥವಾ 0.009 ಇಂಚಿನದನ್ನೇ ಹಾಕಿ, ದಪ್ಪ ಹಾಕಿದರೆ ಹರಿಯುತ್ತದೆ. ಜೇಬಲ್ಲಿ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ಅಕೂಸ್ಟಿಕ್ ಹನ್ನೆರಡು ತಂತಿಯವರು ಒಂದು ಟೋನ್ ಇಳಿಸಿ ಶ್ರುತಿ ಮಾಡಿ ಎರಡನೆಯ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತುವ ಹಿಡಿಕೆ) ಹಾಕುವುದು ಒಳ್ಳೆಯದು. ಪೂರ್ತಿ ಶ್ರುತಿಯಲ್ಲಿ ತಂತಿಗಳ ಒಟ್ಟು ಎಳೆತ 100 ಕಿಲೊ ದಾಟುತ್ತದೆ, ವರ್ಷ ಕಳೆದಂತೆ ತಂತಿ ಹೊರುವ ಕುದುರೆ ಮೇಲೇಳುತ್ತದೆ. ಹಳೆಯ ರಿಕನ್‌ಬ್ಯಾಕರ್ ಕುದುರೆಯಲ್ಲಿ ಹನ್ನೆರಡು ತಂತಿಗೆ ಆರೇ ಸ್ಯಾಡಲ್ (ತಂತಿ ಕೂರುವ, ಹಿಂದೆಮುಂದೆ ಸರಿಸಬಹುದಾದ ತುಂಡು). ದಪ್ಪ ತಂತಿಗೆ ಸರಿಮಾಡಿದರೆ ಜೊತೆಯ ತೆಳು ತಂತಿ ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ತಪ್ಪುತ್ತದೆ. ಹನ್ನೆರಡು ಸ್ಯಾಡಲ್‌ನ ಕುದುರೆ ಹಾಕಿಸಬಹುದು. ಆದರೆ ಆ ಚೂರು ತಪ್ಪಿದ ಶ್ರುತಿಯಿಂದಲೇ ಒಂದಿಷ್ಟು ಮಿನುಗು ಬರುತ್ತದೆ, ಪೂರ್ತಿ ತೊಳೆದುಬಿಟ್ಟರೆ ಕಳೆದುಕೊಂಡಿರಿ.

1965ರ ಜನವರಿ 20, ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೊ. ನಿರ್ಮಾಪಕ ಟೆರಿ ಮೆಲ್ಚರ್‌ಗೆ ತಂಡದ ನುಡಿಸಾಣಿಕೆಯ ಮೇಲೆ ಭರವಸೆ ಇರಲಿಲ್ಲ. ಬೇಸ್‌ಗೆ ಲ್ಯಾರಿ ನೆಕ್ಟೆಲ್, ಡ್ರಮ್‌ಗೆ ಹ್ಯಾಲ್ ಬ್ಲೇನ್, ತಾಳದ ಗಿಟಾರಿಗೆ ಜೆರಿ ಕೋಲ್, ಎಲೆಕ್ಟ್ರಿಕ್ ಪಿಯಾನೊಗೆ ಲಿಯಾನ್ ರಸೆಲ್ ಎಂದು ಬಾಡಿಗೆಯ ನುರಿತವರನ್ನು ಕರೆಸಿದ. ಬರ್ಡ್ಸ್‌ನಲ್ಲಿ ವಾದ್ಯ ಹಿಡಿಯಲು ಬಿಟ್ಟದ್ದು ಮೆಗ್ವಿನ್ ಒಬ್ಬನಿಗೆ. ಇದನ್ನು ಅವಮಾನ ಎಂದು ಬರೆಯುವವರಿದ್ದಾರೆ, ಲೆಕ್ಕ ಎಂದರೆ ಸರಿ. ಐದು ವರ್ಷ ಕೂಲಿಗೆ ನುಡಿಸಿದವನು ಆ ಕೋಣೆಯಲ್ಲಿ ಮಿಕ್ಕ ಕೂಲಿಯವರ ಸಮಕ್ಕೆ ನಿಲ್ಲಬಲ್ಲ, ರಟ್ಟಿನ ಪೆಟ್ಟಿಗೆ ಬಡಿದ ಹುಡುಗ ಆಗಿನ್ನೂ ನಿಲ್ಲಲಾರ.

ಡಿಲನ್‌ನ ಹಾಡು ನಾಲ್ಕು ಚರಣ, ಐದೂವರೆ ನಿಮಿಷ. ಇವರು ಉಳಿಸಿಕೊಂಡದ್ದು ಒಂದೇ ಚರಣ, ಹಿಂದೆಮುಂದೆ ಪಲ್ಲವಿ, ಒಟ್ಟು ಎರಡೂಕಾಲು ನಿಮಿಷ. ಬ್ರಿಲ್ ಬಿಲ್ಡಿಂಗ್‌ನ ಕತ್ತರಿ ಕೆಲಸ ಮಾಡಿತು. ಶುರುವಿನ ಗಿಟಾರ್ ತುಣುಕಿನಲ್ಲಿ ಜರ್ಮನ್ ಸಂಯೋಜಕ ಬಾಖ್‌ನ ಛಾಯೆ ಇದೆ. ಕೊನೆಗೆ ಅದೇ ತುಣುಕು ಮರಳಿ ಬಂದು ಮಸುಕಾಗುತ್ತದೆ. ದನಿಯನ್ನು ಬೀಟಲ್ಸ್‌ನ ಲೆನನ್‌ಗೂ ಡಿಲನ್‌ಗೂ ನಡುವೆ ಎಲ್ಲೋ ಇಡಲು ನೋಡಿದೆ ಎಂದು ಮೆಗ್ವಿನ್ ಆಮೇಲೆ ಹೇಳಿಕೊಂಡಿದ್ದಾನೆ.

ಗಿಟಾರ್ ಆಂಪ್ಲಿಫೈಯರಿಗೆ ಹೋಗಲಿಲ್ಲ, ನೇರ ಮಿಕ್ಸರಿಗೆ ಹೋಯಿತು. ರಾಕ್ ಸದ್ದಿನಿಂದ ಸಲಕರಣೆ ಕೆಟ್ಟೀತೆಂದು ಹೆದರುತ್ತಿದ್ದ ಎಂಜಿನಿಯರ್ ರೇ ಗೆರ್‌ಹಾರ್ಟ್ ಎಲ್ಲಕ್ಕೂ ಕಂಪ್ರೆಸರ್ ಹಾಕುತ್ತಿದ್ದ, ಈ ಗಿಟಾರಿಗೆ ಒಂದರ ಹಿಂದೊಂದು ಎರಡು ಬಿದ್ದವು. ಅರೆಪೊಳ್ಳಾದ ಈ ಗಿಟಾರಿನಲ್ಲಿ ಸ್ವರ ಮೀಟಿದ ಕ್ಷಣ ಜೋರಾಗಿ ಹುಟ್ಟಿ ಬೇಗ ಸೊರಗುತ್ತದೆ. ಕಂಪ್ರೆಸರ್ ಆ ಮೊದಲ ಪೆಟ್ಟನ್ನು ಅದುಮುತ್ತದೆ. ಒಟ್ಟು ಮಟ್ಟವನ್ನು ಮೇಲೆತ್ತಿದಾಗ ಸೊರಗುತ್ತಿದ್ದ ಬಾಲ ಉದ್ದವಾಗುತ್ತದೆ. ರೋಲ್‌ನ ಎಂಟು ಸ್ವರಗಳೂ ಒಂದರ ಮೈಮೇಲೊಂದು ಹರಿಯುತ್ತವೆ. ಮನೆಯಲ್ಲಿ ಪ್ರಯತ್ನಿಸುವವರು ಒಂದೇ ಕಂಪ್ರೆಸರನ್ನು ಗಟ್ಟಿಯಾಗಿ ಹಿಂಡಬೇಡಿ, ಸದ್ದು ಉಸಿರುಗಟ್ಟುತ್ತದೆ. ಎರಡನ್ನು ಸಾಲಾಗಿಟ್ಟು ಪ್ರತಿಯೊಂದರಲ್ಲೂ ಸುಮಾರು 4:1 ಅನುಪಾತ, 4ರಿಂದ 6 ಡೆಸಿಬಲ್ ಇಳಿತ ಸಾಕು. ತಂತಿ ಹಳೆಯದಾಗಿದ್ದರೆ ಏನು ಮಾಡಿದರೂ ದಂಡ. ಕೇಬಲ್ಲಿನ ಗೊರಗೊರ, ಪಿಕಪ್ಪಿನ ಗುಂಯ್ ಸದ್ದೂ ಅಷ್ಟೇ ಮೇಲೇಳುತ್ತದೆ, ಮೊದಲು ಅದನ್ನು ಸರಿಮಾಡಿಕೊಳ್ಳಿ.

ಹಾಡು 1965ರ ಏಪ್ರಿಲ್ 12ರಂದು ಬಂದು ಜೂನ್ ಕೊನೆಗೆ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಹಿಡಿಯಿತು. ಆ ನಡುವೆ ತಂಡ ಸನ್‌ಸೆಟ್ ಸ್ಟ್ರಿಪ್‌ನ ಸಿರೋಸ್ ಕ್ಲಬ್ಬಿನಲ್ಲಿ ನುಡಿಸಿ ನುಡಿಸಿ ಕೈ ಕೂಡಿಸಿಕೊಂಡಿತ್ತು, ಜನವರಿಯ ಆ ದಿನವೇ ಮುಗಿಸಿದ್ದ ಇನ್ನೊಂದು ಹಾಡು ಬಿಟ್ಟರೆ ಮೊದಲ ಆಲ್ಬಮ್‌ನ ಮಿಕ್ಕ ಹಾಡುಗಳಿಗೆ ಬಾಡಿಗೆಯವರು ಬೇಕಾಗಲಿಲ್ಲ. ಆದರೆ ವೇದಿಕೆಯ ಮೇಲೆ ಗೆರ್‌ಹಾರ್ಟ್‌ನ ಪೆಟ್ಟಿಗೆಗಳಿರಲಿಲ್ಲ, ಆಂಪ್ಲಿಫೈಯರಿನಿಂದ ಬರುತ್ತಿದ್ದದ್ದು ಮೊಂಡು ಸದ್ದು. ಮೆಗ್ವಿನ್ ಮುಂದೆ ವಾಕ್ಸ್ ಕಂಪನಿಯ ಟ್ರೆಬಲ್ ಬೂಸ್ಟರ್ (ತಾರದ ಸದ್ದನ್ನು ಎತ್ತುವ ಸಾಧನ) ಬಿಚ್ಚಿಸಿ ಗಿಟಾರಿನ ಹೊಟ್ಟೆಯೊಳಗೇ ಕೂರಿಸಿಕೊಂಡ. ಮಿನುಗು ಬಂತು, ಬಾಲ ಬರಲಿಲ್ಲ. 1988ರಲ್ಲಿ ರಿಕನ್‌ಬ್ಯಾಕರ್ ಅವನ ಹೆಸರಿನಲ್ಲಿ 370/12 ಮಾದರಿಯನ್ನು ಸಾವಿರ ಮಾತ್ರ ಮಾಡಿ ಬಿಟ್ಟಿತು. ಅದರೊಳಗೆ ಕಂಪ್ರೆಸರ್ ಸರ್ಕ್ಯೂಟ್ ಸೇರಿಸಿಯೇ ಕೊಟ್ಟರು. ಫಿಂಗರ್‌ಪಿಕ್ ಮಾತ್ರ ಕೊಂಡವರೇ ಹಾಕಿಕೊಳ್ಳಬೇಕು.